ಬರಿ ಹೊಟ್ಟೆಗೆ ನುಂಗಿದ ಗುಳಿಗೆ

ಮೊಳಕಾಲ್ಮೂರಿನಲ್ಲಿ ನಾವು ರೇಷ್ಮೆ ಸೀರೆ ನೇಯುವವರು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿದು ತುಳಿದು ನನ್ನ ಮೊಣಕಾಲು ಊದಿಕೊಳ್ಳುತ್ತಿತ್ತು. ಅಂಗಡಿಯಿಂದ ನೋವಿನ ಗುಳಿಗೆ ತಂದು, ಬೆಳಿಗ್ಗೆ ಬರಿ ಹೊಟ್ಟೆಗೆ ನುಂಗಿ ಮಗ್ಗಕ್ಕೆ ಇಳಿಯುತ್ತಿದ್ದೆ. ಉಂಡು ಕೂತರೆ ನೇಯ್ದ ಸೀರೆ ಸುತ್ತುವ ಮರ ಹೊಟ್ಟೆಗೆ ಒತ್ತುತ್ತದೆ, ಬಗ್ಗಲಾಗುವುದಿಲ್ಲ. ಮೊದಲು ಒಂದಷ್ಟು ನೇಯ್ಗೆ, ಆಮೇಲೇ ಮುದ್ದೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನ ಮೊಮ್ಮಗಳು ಮಾತ್ರ ಔಷಧಿಗಳ ಬಗ್ಗೆಯೇ ಕಾಲೇಜು ಓದುತ್ತಿದ್ದಳು! ರಜಕ್ಕೆ ಬಂದವಳು ನಾನು ಗುಳಿಗೆ ನುಂಗುವುದನ್ನು ಕಂಡಳು.

"ತಾತ, ಏನಾದ್ರೂ ತಿಂದ್ಯಾ?"

"ತಿಂದು ಇಲ್ಲಿ ಇಳಿದ್ರೆ ಹೊಟ್ಟೆ ಎಲ್ಲಿಡ್ಲಿ, ಅಟ್ಟದ ಮ್ಯಾಲಾ?"

ಅವಳು ನಗಲಿಲ್ಲ. ಗುಂಡಿಯ ಅಂಚಿಗೆ ಕೂತಳು.

"ಕಾಲಿಗೆ ಪೆಟ್ಟಾದ್ರೆ ಮೈ ಅಲ್ಲೊಂದು ರಸ ಮಾಡ್ತೈತೆ. ಅದ್ರಿಂದ್ಲೇ ಊತ, ನೋವು. ಗುಳಿಗೆ ಆ ರಸ ಆಗದಂಗೆ ತಡೀತೈತೆ."

"ಒಳ್ಳೇದೇ ಆತಲ್ಲೇ!"

"ಪೂರ್ತಿ ಕೇಳು. ಹೊಟ್ಟೆ ಒಳಗೂ ಅಂಥದೇ ರಸ ಐತೆ. ಅಲ್ಲಿ ಅದು ಗೋಡೆ ಸಾರಿಸಿದಂಗೆ ಹೊಟ್ಟೆ ಕಾಯ್ತೈತೆ. ಗುಳಿಗೆಗೆ ಕಾಲು ಯಾವ್ದು, ಹೊಟ್ಟೆ ಯಾವ್ದು ಗೊತ್ತಾಗಲ್ಲ, ಎಲ್ಡೂ ಕಡೆ ತಡೀತೈತೆ. ಸಾರಣೆ ಹೋದ್ರೆ ಅನ್ನ ಕರಗಿಸೋ ಹೊಟ್ಟೆ ಹುಳಿನೇ ಗೋಡೆ ತಿಂತೈತೆ, ಬರಿ ಹೊಟ್ಟೆ ಆದ್ರೆ ಇನ್ನೂ ಜಾಸ್ತಿ. ಹುಣ್ಣಾಗಿ ರಕ್ತ ಸೋರಿದ್ರೆ ಹೊರಕಡೆಗೆ ಕೂತಾಗ ಮಲ ಟಾರಿನಂಗೆ ಕರ್ರಗೆ ಹೋಗ್ತೈತೆ."

ನನ್ನ ಕೈಯ ಲಾಳಿ ನಿಂತಿತು. ಮೂರು ದಿನದಿಂದ ಹಾಗೇ ಆಗುತ್ತಿತ್ತು. ಎದ್ದರೆ ಕಣ್ಣು ಕತ್ತಲೆ. ಇಂಥದ್ದನ್ನು ಯಾರ ಮುಂದೆ ಹೇಳುವುದೆಂದು ಬಾಯಿ ಮುಚ್ಚಿಕೊಂಡಿದ್ದೆ.

"ಕರ್ರಗೆ ಅಂದ್ರೆ... ಎಷ್ಟು ಕರ್ರಗೆ?"

ಅವಳು ನನ್ನ ಮುಖವನ್ನೇ ನೋಡಿದಳು. ಒಲೆಯ ಮುಂದಿದ್ದ ನನ್ನ ಹೆಂಡತಿ ಎದ್ದು ಬಂದಳು. "ನಾಚ್ಕಂಡು ಸಾಯ್ಬೇಕು ಅಂತಿದ್ಯಾ? ಏಳು ಮ್ಯಾಕೆ!"

ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಇತ್ತು. ಸಿಕ್ಕಿದ ಬಸ್ಸಿಗೆ ಚಳ್ಳಕೆರೆಯ ಆಸ್ಪತ್ರೆಗೆ ಹೋದೆವು. ಹುಣ್ಣು ಆಗಿತ್ತು, ರಕ್ತವೂ ಸೋರಿತ್ತು. ಬಾಟಲಿ ರಕ್ತ ಏರಿಸಿದರು, ಆ ಗುಳಿಗೆ ಬಿಡಿಸಿದರು, ಹೊಟ್ಟೆಗೆ ಬೇರೆ ಔಷಧಿ ಕೊಟ್ಟರು. ಮೊಣಕಾಲು ಮತ್ತೆ ನೋಯತೊಡಗಿತು, ನೋಯಲಿ ಬಿಡಿ, ನೋಯುವುದಕ್ಕಾದರೂ ನಾನು ಉಳಿದೆನಲ್ಲ!

ನಾಲ್ಕನೇ ದಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಕೇಳಿದರು. "ಇನ್ನು ಭಯ ಇಲ್ಲ ಯಜಮಾನ್ರೇ. ಸರಿಯಾದ ಹೊತ್ತಿಗೆ ಬಂದ್ರಿ. ಯಾರು ಹೇಳಿದ್ದು ನಿಮಗೆ?"

"ನನ್ನ ಮೊಮ್ಮಗಳು ಕಣ್ರಿ! ಇಗೋ, ಇವ್ಳೇ!"

ಸಾಲಿನ ಮಂಚದವರೆಲ್ಲ ತಿರುಗಿ ನೋಡಿದರು. ಅವಳು ನಾಚಿ ನನ್ನ ತೋಳು ಚಿವುಟಿದಳು. "ಮೆಲ್ಲಗೆ ಮಾತಾಡು ತಾತ."

ಮೆಲ್ಲಗೆ ಯಾಕೆ? ಇನ್ನೊಂದು ಸಲ, ಬಾಗಿಲಾಚೆ ಕೂತವರಿಗೂ ಕೇಳಲೆಂದು, ಜೋರಾಗಿಯೇ ಹೇಳಿದೆ.