ಕಪ್ಪೆಗಾಗಿ ಮುಚ್ಚಿದ ತೂತುಗಳು

ಮನೀಶ್ ನಗರದ ನಮ್ಮ ಮನೆಯ ಹಿತ್ತಿಲಿಗೂ ಅದರಾಚೆ ಹರಿಯುವ ನಾಲಾಕ್ಕೂ ನಡುವೆ ಒಂದು ಕಲ್ಲಿನ ಗೋಡೆಯಿತ್ತು. ಈ ಮಳೆಗಾಲದಲ್ಲಿ ಅದು ಕುಸಿದಾಗ ನಾನು ನಾಲಾವನ್ನು ಬಾಯಿಗೆ ಬಂದಂತೆ ಬೈದೆ. ರಿಪೇರಿಗೆ ಬಂದ ಮಿಸ್ತ್ರಿ ಬಿದ್ದ ಕಲ್ಲುಗಳನ್ನು ಮಗುಚಿ ನೋಡಿ, ನಾಲಾದ್ದೇನೂ ತಪ್ಪಿಲ್ಲ ಎಂದ. ಹಿತ್ತಿಲಿನ ನೀರು ಹೊರಹೋಗಲೆಂದು ಗೋಡೆಯಲ್ಲಿ ಬಿಟ್ಟಿದ್ದ ತೂತುಗಳಿಗೆ ಯಾರೋ ಸಿಮೆಂಟು ಮೆತ್ತಿದ್ದರಂತೆ. ನೀರು ಒಳಗೇ ನಿಂತು ಗೋಡೆಯನ್ನು ದೂಡಿತ್ತಂತೆ.

"ಯಾವ ಹುಶಾರ್ ಮನುಷ್ಯನ ಕೆಲಸ ಸಾಹೇಬ್ ಇದು?" ಎಂದು ಹಿಂದಿಯಲ್ಲಿ ಕೇಳಿದ.

ಕಪ್ಪೆಗಳು ಬರುತ್ತವೆಂದು ಮೆತ್ತಿದವನು ನಾನೇ. ಅದೂ ಮೂವತ್ತು ವರ್ಷ ರೈಲ್ವೆ ಸೇತುವೆಗಳಲ್ಲಿ ಇಂಥವೇ ತೂತುಗಳನ್ನು ಬಗ್ಗಿ ನೋಡಿ, ಮುಚ್ಚಿದ್ದರೆ ಕೈಕೆಳಗಿನವರ ಮೇಲೆ ಹರಿಹಾಯ್ದವನು.

"ಮೊದಲಿದ್ದ ಮಾಲೀಕನದು," ಎಂದೆ.

ಚಹಾ ತಂದಿದ್ದ ಹೆಂಡತಿ ಕನ್ನಡದಲ್ಲಿ ಕೇಳಿದಳು: "ಕಪ್ಪಿಗೆ ಅಂಜೋ ಆ ಮಾಲೀಕರಿಗೂ ಚಾ ಕೊಡ್ಲೇನ್ರಿ?"