ತಿಂಗಳ ವಿಷಯ: ನಗು

ಹಡಗಲಿಯ ಆ ಸ್ಟುಡಿಯೊದವನನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಯಾಕೆ ಹೇಳಲಿ? ನನ್ನ ಸ್ಟುಡಿಯೊ ಕೊಟ್ಟೂರಿನಲ್ಲಿ. ಇಬ್ಬರದೂ ಒಂದೇ ನಮೂನೆಯ ಕ್ಯಾಮೆರಾ, ಅವೇ ರೋಲುಗಳು. ಆದರೂ ಜನ ಅವನ ಫೋಟೊದ ಮುಂದೆ ನಿಂತುಬಿಡುತ್ತಿದ್ದರು. ನನ್ನದನ್ನು ನೋಡಿ ಕ್ಲಿಯರ್ ಬಂದೈತ್ರಿ ಎಂದು ಮುಂದೆ ಹೋಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಸುತ್ತಲಿನ ತಾಲ್ಲೂಕುಗಳ ನಾವು ಐದಾರು ಮಂದಿ ಫೋಟೊಗ್ರಾಫರು ಒಂದು ಹುಚ್ಚು ಹಚ್ಚಿಕೊಂಡಿದ್ದೆವು. ರೋಲು ತೊಳೆಸಲು ಎಲ್ಲರೂ ಹಗರಿಬೊಮ್ಮನಹಳ್ಳಿಯ ಕಲರ್ ಲ್ಯಾಬಿಗೇ ಬರಬೇಕು. ಅಲ್ಲಿ ತಿಂಗಳಿಗೊಮ್ಮೆ ಸೇರಿ ಒಂದು ವಿಷಯ ಗೊತ್ತುಮಾಡುವುದು. ಬಾಗಿಲು, ನೆರಳು, ಕಾಯುವುದು, ಇಂಥವು. ಮುಂದಿನ ಸಲ ಎಲ್ಲರೂ ಒಂದೊಂದು ಫೋಟೊ ತರಬೇಕು. ಹೊಸದಾಗಿ ತೆಗೆದರೂ ಸರಿ, ಹಳೆಯ ನೆಗೆಟಿವ್‌ಗಳಲ್ಲಿ ಹುಡುಕಿದರೂ ಸರಿ. ಗೆದ್ದ ಫೋಟೊ ಲ್ಯಾಬಿನ ಶೋಕೇಸಿನಲ್ಲಿ ತಿಂಗಳಿಡೀ ಇರುತ್ತಿತ್ತು. ಆ ಗಾಜಿನೊಳಗೆ ನನ್ನದೊಂದು ಕೂರಬೇಕೆಂದು ಜೀವ ಬಿಡುತ್ತಿದ್ದೆ. ಕೂರುತ್ತಿದ್ದುದು ಹಡಗಲಿಯವನದೇ.

ಒಂದು ಸಲ ‘ನಗು’ ಎಂದಾಯಿತು. ಈ ಸಲ ಬಿಡಬಾರದೆಂದು ಕೂಡ್ಲಿಗಿಯ ಸಂತೆಗೆ ಹೋದೆ. ನಗುತ್ತಿದ್ದ ಮೆಣಸಿನಕಾಯಿ ಮಾರುವವಳು ಕ್ಯಾಮೆರಾ ಎತ್ತಿದ ಕೂಡಲೇ ಸೆರಗು ಸರಿಮಾಡಿಕೊಂಡು ರೇಷನ್ ಕಾರ್ಡಿನ ಫೋಟೊಕ್ಕೆ ಕೂತವರ ಹಾಗೆ ಬಿಗಿದುಕೊಂಡಳು. ಮನೆಗೆ ಬಂದು ಹೆಂಡತಿಯನ್ನು ಹಿತ್ತಲ ಬೆಳಕಿಗೆ ನಿಲ್ಲಿಸಿ ನಗು ಎಂದೆ. ಹಲ್ಲು ತೋರಿಸಿದಳು. ಇದನ್ನು ನಗು ಅಂತಾರಾ ಎಂದು ರೇಗಿದೆ. ಒಲೆಯ ಮೇಲೆ ಸಾರಿದೆ ಎಂದು ಒಳಗೆ ಹೋದಳು. ಕೊನೆಗೆ ಹಳೆಯ ನೆಗೆಟಿವ್‌ಗಳಲ್ಲಿ ನಮ್ಮ ಕಡೆಯ ಅರಸೀಕೆರೆಯ ಮದುಮಗಳೊಬ್ಬಳು ಸಿಕ್ಕಳು, ಬಾಸಿಂಗ ಜಾರಿ ನಗುತ್ತಿದ್ದವಳು. ಗೆದ್ದೆ ಎಂದುಕೊಂಡು ದೊಡ್ಡದು ಮಾಡಿಸಿದೆ.

ಎಲ್ಲರೂ ಸೇರಿದ ದಿನ ಹಡಗಲಿಯವನು ಕವರಿನಿಂದ ಹೊರತೆಗೆದದ್ದು ನನ್ನ ಹೆಂಡತಿಯ ಫೋಟೊ.

ಹಿಂದೊಮ್ಮೆ ಹರಪನಹಳ್ಳಿಯಲ್ಲಿ ನಮ್ಮ ನೆಂಟರ ಮದುವೆಗೆ ಫೋಟೊ ತೆಗೆಯಲು ಹೆಣ್ಣಿನ ಕಡೆಯಿಂದ ನಾನು, ಗಂಡಿನ ಕಡೆಯಿಂದ ಅವನು ಹೋಗಿದ್ದೆವು. ಊಟದ ಮನೆಯ ಮೆಟ್ಟಿಲ ಮೇಲೆ ಇವಳು ಕೂತಿದ್ದಾಳೆ; ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿಹೋಗುವಷ್ಟು ನಗು. ನಾನು ಗುರುತು ಹಿಡಿದದ್ದು ಸೀರೆಯನ್ನು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಅವನು ಸಂಕೋಚದಿಂದಲೇ, ನಿಮಗೆ ಬೇಡವೆಂದರೆ ಇಡುವುದಿಲ್ಲ ಎಂದ. ಬೇಡವೆಂದು ಯಾವ ಬಾಯಿಂದ ಹೇಳಲಿ? ಫೋಟೊ ಅಷ್ಟು ಚೆನ್ನಾಗಿತ್ತು, ಸುಡುಗಾಡು! ಇಡಪ್ಪ ಎಂದೆ. ಬಸ್ಸಿನಲ್ಲಿ ಕೊಟ್ಟೂರು ಬರುವತನಕ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟು ನಗು ಬರುವಂಥ ಮಾತು ಅವನು ಏನು ಹೇಳಿದ್ದ ಎಂದು ಇವಳನ್ನು ಕೇಳಿದೆ.

“ಏನಿಲ್ರಿ. ಊಟ ಆತೇನ್ರಿ ಅಕ್ಕಾರ, ಇಲ್ಲಾ ಮನಿಯವ್ರು ಫೋಟೊ ಹೊಡ್ಯಾದು ಮುಗಿಯೋತನ ಉಪಾಸಾ ಅಂದ್ರು. ನಗು ಬಂತು.”

ಇಷ್ಟಕ್ಕೆ! ಇಂಥ ಹಾಸ್ಯಕ್ಕೆ ನಮ್ಮನೆ ಬೆಕ್ಕೂ ನಗುವುದಿಲ್ಲ. ಮರುದಿನ ಸ್ಟುಡಿಯೊದ ಬಾಗಿಲೆಳೆದುಕೊಂಡು ನೆಗೆಟಿವ್ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಇವಳ ನಗು ನನ್ನ ಹತ್ತಿರವೂ ಒಂದು ಇರಲೇಬೇಕು, ಅದನ್ನು ಅವನ ಮೂತಿಗೆ ಹಿಡಿಯಬೇಕು. ಹಲವಾಗಲು ಊರಿನ ಮದುಮಕ್ಕಳಿದ್ದರು, ಯಾರದೋ ಸೋದರತ್ತೆಯರಿದ್ದರು. ಇವಳು ಮಾತ್ರ ಎಲ್ಲೂ ಇಲ್ಲ. ಆಮೇಲೆ ನೆಗೆಟಿವ್ ಪಟ್ಟಿಗಳ ತುದಿಗೆ ಕಣ್ಣು ಹೋಯಿತು. ಹೊಸ ರೋಲು ಹಾಕುವಾಗ ತುದಿಗೆ ಬೆಳಕು ತಾಗಿ ಮೊದಲ ಫ್ರೇಮು ಅರ್ಧ ಸುಟ್ಟುಹೋಗುತ್ತದೆ. ಒಂದು ಸಲ ಸುಮ್ಮನೆ ಒತ್ತಿ ಅದನ್ನು ದಾಟಿಸಬೇಕು. ನಾನು ಮನೆಯಲ್ಲೇ ರೋಲು ಹಾಕಿ, ಎದುರಿಗಿದ್ದ ಇವಳ ಕಡೆ ಒಮ್ಮೆ ಒತ್ತಿ ಕೆಲಸಕ್ಕೆ ಹೊರಡುತ್ತಿದ್ದೆ. ಪಟ್ಟಿ ಪಟ್ಟಿಯ ತುದಿಯಲ್ಲೂ ಇವಳೇ. ಈಚಿನವುಗಳಲ್ಲಿ ರೊಟ್ಟಿ ಬಡಿಯುತ್ತಾ ತಲೆಯನ್ನೇ ಎತ್ತಿರಲಿಲ್ಲ. ಮದುವೆಯಾದ ಹೊಸದರ ಪಟ್ಟಿಗಳಲ್ಲಿ, ಕೈಯಲ್ಲಿ ಕಸಬರಿಗೆ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ನನ್ನನ್ನೇ ನೋಡಿ ನಗುತ್ತಿದ್ದಳು.

ಆ ನಗುವಿನದೊಂದನ್ನು ಪ್ರಿಂಟ್ ಹಾಕಿಸಿ ತಂದು ಅವಳ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಇದನ್ನ ಆವಾಗ್ಲೇ ಯಾಕ ಹಾಕಿಸ್ಲಿಲ್ರಿ?”

ಅರ್ಧ ಸುಟ್ಟುಹೋಗಿತ್ತಲ್ಲ ಎಂದೆ.

“ಇನ್ನರ್ಧದಾಗ ನಾ ಇದ್ನಲ್ರಿ,” ಎಂದಳು.