ಅವ್ವನ ಮುಂದೆ ಗೀಟು ಎಳೆದವನು

ದೆವ್ವ, ಪವಾಡ, ಶಕುನ ಅಂತ ಯಾರಾದರೂ ಮಾತೆತ್ತಿದರೆ ಎದ್ದು ಹೋಗುತ್ತಿದ್ದವನು ನಾನು. ಸುಮ್ಮನೆ ಹೋಗುತ್ತಿರಲಿಲ್ಲ, ಹೋಗುವಾಗ ಒಂದು ಚುಚ್ಚುಮಾತು ಆಡಿಯೇ ಹೋಗುತ್ತಿದ್ದೆ. ಬಿ.ಎ. ಓದಿದ್ದೇನೆಂಬ ಸೊಕ್ಕು ಅದು. ಈಗ ಸೊಕ್ಕು ಅನ್ನುತ್ತಿದ್ದೇನೆ, ಆಗ ಅದನ್ನು ವಿಚಾರವಂತಿಕೆ ಅಂದುಕೊಂಡಿದ್ದೆ. ಹಾಗಂತ ಆ ಡಿಗ್ರಿಯನ್ನು ನಾನು ಹಗುರ ಮಾಡುತ್ತಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ನಾಲ್ಕನೇ ಕ್ಲಾಸು ದಾಟಿರಲಿಲ್ಲ. ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡ. ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಹಚ್ಚಿ ನನ್ನನ್ನು ಬಳ್ಳಾರಿಗೆ ಕಳಿಸಿದಳು. ಅಲ್ಲಿನ ಸತ್ಯನಾರಾಯಣಪೇಟೆಯಲ್ಲಿ ಮಂಚವೊಂದು ಹಿಡಿಸುವಷ್ಟು ಕೋಣೆ, ಸಂಜೆ ನಾಲ್ಕು ಮನೆಯ ಮಕ್ಕಳಿಗೆ ಪಾಠ, ತಿಂಗಳಿಗೊಮ್ಮೆ ಬಸ್ಸಿನ ಡ್ರೈವರ್ ಕೈಯಲ್ಲಿ ಅವ್ವ ಕಳಿಸುತ್ತಿದ್ದ ಅಕ್ಕಿಗಂಟು. ಹೀಗೆ ಓದಿದವನು ನಾನು. ಕೊನೆಯ ವರ್ಷ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಮತ್ತೆ ಕಟ್ಟಿ ಪಾಸಾದೆ.

ಆ ಡುಮ್ಕಿಯೇ ಈ ಕಥೆಗೆಲ್ಲ ಮೂಲ. ನಾನು ಫೇಲಾದ ಸುದ್ದಿ ಕೇಳಿದ ದಿನ ಅವ್ವ ಕುರುಗೋಡು ಬಸವಣ್ಣನಿಗೆ ಹರಕೆ ಹೊತ್ತಳು. ಮಗ ಪಾಸಾದರೆ ಗುಡಿಯ ಸುತ್ತ ಮೂರು ಸುತ್ತು ದೀಡ ನಮಸ್ಕಾರ ಹಾಕುತ್ತೇನೆ ಅಂತ. ದೀಡ ನಮಸ್ಕಾರವೆಂದರೆ ಒದ್ದೆ ಬಟ್ಟೆಯಲ್ಲಿ ನೆಲಕ್ಕೆ ಉದ್ದಕ್ಕೆ ಮಲಗಿ ಕೈ ಚಾಚುವುದು. ಬೆರಳ ತುದಿ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಪಕ್ಕದಲ್ಲಿ ನಡೆಯುವವರು ಬೇವಿನ ಕಡ್ಡಿಯಿಂದ ಒಂದು ಗೀಟು ಎಳೆಯುತ್ತಾರೆ. ಎದ್ದು, ಆ ಗೀಟಿನ ಮೇಲೆ ನಿಂತು, ಕೈಮುಗಿದು ಮತ್ತೆ ಮಲಗಬೇಕು. ನಮ್ಮ ಮನೆಯ ಕಟ್ಟಳೆಯಲ್ಲಿ ಇನ್ನೊಂದು ಮಾತಿತ್ತು. ಯಾರ ಸಲುವಾಗಿ ಹರಕೆಯೋ ಅವರೇ ಗೀಟು ಎಳೆಯಬೇಕು. ಬೇರೆಯವರು ಎಳೆದರೆ ಹರಕೆ ಸಲ್ಲುವುದಿಲ್ಲ, ಮತ್ತೆ ಮೊದಲಿನಿಂದ ಹಾಕಬೇಕು.

ಪಾಸಾದ ಮೇಲೆ ಎರಡು ವರ್ಷ ನಾನು ಇದನ್ನು ಮುಂದೂಡಿದೆ. ಪಾಸಾಗಿದ್ದು ನಾನು ಓದಿದ್ದಕ್ಕೆ, ಕಲ್ಲಿನ ಬಸವಣ್ಣ ಪರೀಕ್ಷೆ ಬರೆದನೇನು ಎಂದು ಅವಳ ಮುಖಕ್ಕೇ ಹೇಳಿದ್ದೆ. ಅವಳು ಜಗಳ ಆಡಲಿಲ್ಲ. ಸೊಂಟ ಗಟ್ಟಿ ಇರುವತನಕ ಮುಗಿಸಿಬಿಡೋಣ ಅಂತ ಮಾತ್ರ ಪ್ರತಿ ಸಲ ಊರಿಗೆ ಹೋದಾಗ ಹೇಳುತ್ತಿದ್ದಳು. ಕಡೆಗೆ ಅವಳ ಕಾಟಕ್ಕೇ ಒಪ್ಪಿಕೊಂಡೆ ಅನ್ನಬೇಕು. ಎಪ್ಪತ್ತರ ದಶಕದ ಮಧ್ಯದ ಒಂದು ರಜೆಯ ದಿನ ಅದು. ಆಗ ನಾನು ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತ, ಇನ್ನೂ ಕಾಯಂ ಆಗಿರಲಿಲ್ಲ. ಅವ್ವ ಹಿಂದಿನ ಸಂಜೆಯೇ ನನ್ನ ಕೋಣೆಗೆ ಬಂದಿದ್ದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಕೊಳಗಲ್ಲು ದಾಟುವಾಗ ಕುಡಿಯಲು ನೀರು ಕೊಟ್ಟರೆ ಬೇಡ ಅಂದಳು. ಉಪವಾಸ. ನನಗೆ ಅವಳ ಉಪವಾಸಕ್ಕಿಂತ ಬಸ್ಸಿನಲ್ಲಿ ಪರಿಚಯದವರು ಯಾರಿದ್ದಾರೆ ಅನ್ನುವುದರ ಮೇಲೇ ಕಣ್ಣು. ಬಿಳಿ ಇಸ್ತ್ರಿ ಅಂಗಿ, ಪ್ಯಾಂಟು ಹಾಕಿದವನು ಕಡ್ಡಿ ಹಿಡಿದು ನೆಲ ಕೆರೆಯುತ್ತಾ ನಡೆಯುವುದನ್ನು ನೆನೆಸಿಕೊಂಡರೇ ಮೈ ಮುದುಡುತ್ತಿತ್ತು.

ಕುರುಗೋಡಿನ ಬಸವಣ್ಣನನ್ನು ನೋಡದವರಿಗೆ ಒಂದು ಮಾತು. ಗರ್ಭಗುಡಿ ತುಂಬ ಅವನೇ. ಒಂದೇ ಕಲ್ಲು. ಎದುರಿಗೆ ನಿಂತು ತಲೆ ಎತ್ತಿದರೆ ಮಾತ್ರ ಮುಖ ಕಾಣುತ್ತದೆ. ಅಂದು ಜನ ಹೆಚ್ಚಿರಲಿಲ್ಲ. ಅವ್ವ ಮೈಮೇಲೆ ನೀರು ಹಾಕಿಕೊಳ್ಳಲು ಬಾವಿಯ ಕಡೆ ಹೋದಳು. ನಾನು ಬೇವಿನ ಕಡ್ಡಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಇಳಿದವರು ನಮ್ಮ ಕಚೇರಿಯ ಸಾಹೇಬರು, ಮೈಸೂರು ಕಡೆಯವರು. ಜೊತೆಗೆ ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡ ಅವರ ಭಾವಮೈದ ಮತ್ತು ಆತನ ಹೆಂಡತಿ. ನಾನು ಕಡ್ಡಿಯನ್ನು ಬೆನ್ನ ಹಿಂದೆ ಹಿಡಿದೆ.

ಸಾಹೇಬರಿಗೆ ನನ್ನನ್ನು ಕಂಡು ಖುಷಿಯಾಯಿತು. ಇತಿಹಾಸ ಓದಿದ ಹುಡುಗ ಸಿಕ್ಕಿದ, ಗುಡ್ಡದ ಕೋಟೆ, ಹಳೆಯ ಕಲ್ಲುಗುಡಿ ಎಲ್ಲ ತೋರಿಸಿಬಿಡಿ, ಒಂದು ಗಂಟೆಯ ಮಾತು ಅಂದರು. ಆಮೇಲೆ ಕೇಳಿದರು: "ಅಂದ ಹಾಗೆ, ನೀವು ಯಾರ ಜೊತೆ ಬಂದಿದ್ದೀರಿ?"

"ನಮ್ಮ ಊರ ಕಡೆಯೋರು ಒಬ್ರು ಬಂದಾರ್ರಿ ಸಾರ್. ಅವರದೇನೋ ಹರಕಿ ಐತಂತ."

ಇದನ್ನು ಹೇಳಿದವನು ನಾನೇ. ನನ್ನನ್ನು ಕಾಯಂ ಮಾಡುವ ಕಾಗದ ಆಗ ಅವರ ಮೇಜಿನ ಮೇಲಿತ್ತು, ಹೌದು. ಆದರೆ ಅದಕ್ಕಾಗಿಯೇ ಹೇಳಿದೆ ಅಂದರೆ ಪೂರ್ತಿ ಖರೆ ಆಗುವುದಿಲ್ಲ. ಮೊಣಕಾಲಿಗೆ ಸೀರೆ ಎತ್ತಿಕಟ್ಟಿ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ ಹೆಂಗಸು ನನ್ನ ತಾಯಿ ಅಂತ ಹೇಳಲು ಬಾಯಿ ಬರಲಿಲ್ಲ. ಅಷ್ಟೇ.

ಬಾಗಿಲ ಬದಿ ಹೂ ಮಾರುವಾಕೆಯ ಕೈಗೆ ಕಡ್ಡಿ ಕೊಟ್ಟೆ. ಹಸಿರು ಸೀರೆಯಾಕಿ ಬಂದರೆ ಒಂದು ತಾಸು ಕಾಯಾಕ ಹೇಳ್ರಿ ಅಂದೆ. ಆಕೆ ನಿಮ್ಮವ್ವ ಏನ್ರಿ ಅಂತ ಕೇಳಿದಳು. ಸಾಹೇಬರು ಅತ್ತ ತಿರುಗಿದ್ದಾರೆ ಅಂತ ಖಾತ್ರಿ ಮಾಡಿಕೊಂಡು ತಲೆ ಆಡಿಸಿದೆ.

ಗುಡ್ಡದ ಬುಡದ ಕಲ್ಲುಗುಡಿಗಳನ್ನು ಮೊದಲು ನೋಡಿದೆವು. ಬಾಗಿಲಿಲ್ಲದ ಗುಡಿಗಳು, ಒಳಗೆ ಬಾವಲಿ ವಾಸನೆ, ಗೋಡೆಗೆ ಒರಗಿಸಿಟ್ಟ ಶಾಸನದ ಕಲ್ಲು. ನಾನು ಮಾತಾಡಿದ್ದೇ ಮಾತಾಡಿದ್ದು. ಬಾಯಿ ನಿಂತರೆ ಅವ್ವ ನೆನಪಾಗುತ್ತಿದ್ದಳು, ಅದಕ್ಕೇ ನಿಲ್ಲಿಸುತ್ತಿರಲಿಲ್ಲ. ಕೋಟೆಯ ಗೋಡೆ ಮುಟ್ಟುವ ಹೊತ್ತಿಗೆ ಬಿಸಿಲು ಬಲಿತಿತ್ತು. ಅಲ್ಲಿಂದ ಕೆಳಗೆ ನೋಡಿದೆ. ಗುಡಿಯ ಅಂಗಳ ಅಂಗೈಯಷ್ಟು ಕಾಣುತ್ತಿತ್ತು. ಅದರಲ್ಲಿ ಒಂದು ಹಸಿರು ಚುಕ್ಕೆ ಮಲಗುತ್ತಿತ್ತು, ಏಳುತ್ತಿತ್ತು. ಪಕ್ಕದಲ್ಲಿ ಒಂದು ಬಿಳಿ ಚುಕ್ಕೆ ಬಗ್ಗುತ್ತಿತ್ತು.

ಅವ್ವ ಕಾದಿಲ್ಲ. ಹೂವಿನಾಕೆ ಯಾರನ್ನೋ ಹಿಡಿದು ಗೀಟು ಎಳೆಸುತ್ತಿದ್ದಾಳೆ ಅಂದುಕೊಂಡೆ. ಮೊದಲು ನಿರಾಳ ಅನ್ನಿಸಿತು, ನನ್ನ ಪಾಲಿನ ನಾಚಿಕೆ ತಪ್ಪಿತಲ್ಲ ಅಂತ. ಮರುಕ್ಷಣ ಮನೆಯ ಕಟ್ಟಳೆ ನೆನಪಾಯಿತು. ಬೇರೆಯವರು ಎಳೆದರೆ ಸಲ್ಲುವುದಿಲ್ಲ ಅಂತ ನಂಬಿದವಳು ಅವಳು. ಹಸಿದ ಹೊಟ್ಟೆಯಲ್ಲಿ ಮಣ್ಣಿಗೆ ಮೈ ಒಡ್ಡಿ ಮಾಡಿದ್ದೆಲ್ಲ ಅವಳ ಲೆಕ್ಕದಲ್ಲಿ ಹಾಳು. ಓಡಿ ಇಳಿಯಬೇಕೆನ್ನಿಸಿತು. ಸಾಹೇಬರ ಭಾವಮೈದ ಕ್ಯಾಮೆರಾ ಎತ್ತಿ, ಅಲ್ಲೇ ನಿಂತುಕೊಳ್ಳಿ ಅಂದ. ನಿಂತುಕೊಂಡೆ.

ಒಂದು ಗಂಟೆ ಅಂದದ್ದು ಎರಡೂವರೆ ಗಂಟೆಯಾಯಿತು. ಜೀಪಿನಲ್ಲಿ ಬಳ್ಳಾರಿಗೆ ಬನ್ನಿ ಎಂದು ಅವರು ಕರೆದರು. ನಾನು ಏನೋ ನೆಪ ಹೇಳಿ ಗುಡಿಗೆ ಓಡಿದೆ.

ಅವ್ವ ಜಗಲಿಯ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ಮೊಣಕೈ, ಮೊಣಕಾಲು ಕೆಂಪಾಗಿ ತರಚಿದ್ದವು. ನಾನು ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು. ನೀರು ಕುಡಿಯಾಕ ಹೋಗಿದ್ಯೇನು, ಇಷ್ಟೊತ್ತು ಮಾಡಿದಿ ಅಂದಳು. ಆಮೇಲೆ ನನ್ನ ಬೆನ್ನ ಮೇಲೆ ಕೈಯಾಡಿಸಿದಳು.

"ಮೂರು ಸುತ್ತೂ ಬಗ್ಗಿ ಬಗ್ಗಿ ಸೊಂಟ ನೊಂದೈತೇನಪ್ಪಾ?"

ಕುಟುಕುತ್ತಿದ್ದಾಳೆ ಅಂದುಕೊಂಡೆ. ಅವ್ವ ಕುಟುಕಿದರೆ ತುಟಿಯ ಒಂದು ಕಡೆ ಬಿಗಿಯುತ್ತದೆ, ನನಗೆ ಗೊತ್ತು. ಅಂಥದ್ದೇನೂ ಇರಲಿಲ್ಲ. ಗೀಟು ಎಳೆದವರು ಯಾರವ್ವಾ ಅಂತ ಕೇಳಿದೆ. ಅವಳು ನಕ್ಕು, ಬಿ.ಎ. ಓದಿದವರಿಗೆ ಮರೆವು ಜಾಸ್ತಿ ಕಾಣತೈತಿ ಅಂದಳು. ಆಮೇಲೆ ನಗು ನಿಲ್ಲಿಸಿ, ಸಣ್ಣ ದನಿಯಲ್ಲಿ ಹೇಳಿದಳು:

"ಎರಡನೇ ಸುತ್ತಿನ್ಯಾಗ ನನಗ ಏಳಾಕ ಆಗಲಿಲ್ಲ ನೋಡು. ನೀ ಕೈ ಕೊಟ್ಟು ಎಬ್ಬಿಸಿದಿ. ಆವಾಗ ನಿನ್ನ ಕಣ್ಣಾಗ ನೀರಿತ್ತು. ನಾ ನೋಡಿದ್ರೂ ನೋಡಲಾರದಂಗ ಮಾಡಿದೆ."

ಎದ್ದು ಹೂವಿನಾಕೆಯ ಹತ್ತಿರ ಹೋದೆ. ಕಡ್ಡಿ ಯಾರಿಗೆ ಕೊಟ್ಟೆ ಅಂದೆ. ಆಕೆ ಕಟ್ಟುತ್ತಿದ್ದ ಮಾಲೆಯಿಂದ ಮುಖ ಎತ್ತಿದಳು.

"ಯಾರಿಗಂದ್ರ? ನೀವಾ ತಿರುಗಿ ಬಂದು ಇಸ್ಗಂಡ್ರಿ. ಯಾಕ್ರೀ, ಗುಡ್ಡಕ್ಕ ಹೋಗಲಿಲ್ಲೇನು ಅಂದೆ. ಮಾತಾಡಲಿಲ್ಲ ನೀವು. ಬಿಸಿಲು ತಲಿಗೆ ಹತ್ತೇತೇನ್ರಿ?"

ಅಂಗಳಕ್ಕೆ ಹೋಗಿ ನೋಡಿದೆ. ಗೀಟುಗಳಿದ್ದವು, ಗುಡಿಯ ಸುತ್ತಲೂ. ಎಷ್ಟೋ ಆಗಲೇ ಜನರ ಕಾಲಿಗೆ ಸಿಕ್ಕಿ ಅಳಿಸಿದ್ದವು. ಹಿಂಭಾಗದಲ್ಲಿ ಮಾತ್ರ ಚೆನ್ನಾಗಿ ಉಳಿದಿದ್ದವು. ಪಕ್ಕದಲ್ಲಿ ಬರಿಗಾಲಿನ ಹೆಜ್ಜೆಗಳು. ಚಪ್ಪಲಿ ಬಿಟ್ಟು ಅದರಲ್ಲೊಂದರ ಮೇಲೆ ನನ್ನ ಪಾದ ಇಟ್ಟೆ. ಸರಿಯಾಗಿ ಕೂತಿತು. ನನ್ನ ಅಳತೆಯ ಪಾದ ಕುರುಗೋಡಿನಲ್ಲಿ ನೂರು ಜನರಿಗಿದ್ದೀತು, ಅದೇನು ಸಾಕ್ಷಿಯಲ್ಲ. ಬಿಳಿ ಅಂಗಿ ತೊಟ್ಟ ಯಾರೋ ಪುಣ್ಯಾತ್ಮ ಬಂದು ಎಳೆದಿರಬಹುದು. ಹೂವಿನಾಕೆ ಅವನನ್ನು ನಾನೆಂದು ತಿಳಿದಿರಬಹುದು. ಆದರೆ ಹೆತ್ತವಳು, ಕೈ ಹಿಡಿದು ಎದ್ದವಳು, ಮೊಳದ ದೂರದಿಂದ ಮುಖ ನೋಡಿದವಳು ತಪ್ಪು ತಿಳಿಯುತ್ತಾಳೆಯೇ? ಹಸಿವಿಗೆ ಕಣ್ಣು ಕತ್ತಲೆ ಬಂದಿತ್ತು ಎನ್ನೋಣ. ಆದರೆ ಹೂವಿನಾಕೆ ಹೊಟ್ಟೆ ತುಂಬ ಉಂಡು ಕೂತಿದ್ದಳಲ್ಲ.

ನಾನು ಗುಡ್ಡದ ಮೇಲಿದ್ದೆ ಅನ್ನುವುದರಲ್ಲಿ ಅನುಮಾನವಿಲ್ಲ. ತಿಂಗಳಾದ ಮೇಲೆ ಸಾಹೇಬರು ಫೋಟೋ ತಂದುಕೊಟ್ಟರು. ಕೋಟೆ ಗೋಡೆಯ ಪಕ್ಕ ನಾನೇ ನಿಂತಿದ್ದೇನೆ. ಆದರೆ ಕ್ಯಾಮೆರಾ ಕಡೆ ನೋಡುತ್ತಿಲ್ಲ.

ಅಂದು ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಹರಕೆ ಸಲ್ಲಲಿಲ್ಲ ಅಂತ ಅವಳು ಮತ್ತೆ ಆ ಮಣ್ಣಿಗೆ ಬೀಳುತ್ತಿದ್ದಳು. ಅವಳ ಸೊಂಟಕ್ಕೆ ಆ ಶಕ್ತಿ ಉಳಿದಿರಲಿಲ್ಲ. ಹೀಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿರುಗುಪ್ಪದಲ್ಲಿ ಅವಳು ಹೇಳದ ಮನೆಯಿಲ್ಲ. ಡಿಗ್ರಿ ಓದಿದ ಮಗ ಪ್ಯಾಂಟು ಮಡಚಿ, ಜನರ ಮುಂದೆ ಬಗ್ಗಿ, ತಾಯಿಗೆ ಗೀಟು ಎಳೆದ ಅಂತ. ಓಣಿಯ ಹೆಂಗಸರು ನನ್ನನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಮದುವೆ, ಮುಂಜಿ, ಎಲ್ಲಿ ಹೋದರೂ ಈ ಮಾತು ಬರುವುದೇ. ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನಾಚಿಕೆ ಸ್ವಭಾವ ಅಂತ ಜನ ಅದನ್ನೂ ಹೊಗಳುತ್ತಿದ್ದರು. ನನ್ನ ನೌಕರಿ ಕಾಯಂ ಆಯಿತು, ಮದುವೆಯಾಯಿತು, ಮಕ್ಕಳಾದವು. ಇನ್ನೊಬ್ಬನಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಉಂಡು ಬದುಕುತ್ತಿದ್ದೇನೆ ಅನ್ನುವ ತಳಮಳ ಒಂದು ದಿನವೂ ಬಿಡಲಿಲ್ಲ.

ಕೊನೆಯ ವರ್ಷ ಅವ್ವ ಬಳ್ಳಾರಿಯಲ್ಲಿ ನನ್ನ ಮನೆಯಲ್ಲೇ ಇದ್ದಳು, ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ಎಲ್ಲ ಹೇಳಿಬಿಟ್ಟೆ. ಗುಡ್ಡ ಹತ್ತಿದ್ದು, ಸಾಹೇಬರ ಮುಂದೆ ಅವಳನ್ನು ಊರ ಕಡೆಯವರು ಅಂದದ್ದು, ಎಲ್ಲ. ಅವಳು ಗಂಜಿ ನುಂಗಿ, ಬಾಯಿ ಒರೆಸು ಅಂತ ಸನ್ನೆ ಮಾಡಿದಳು. ಒರೆಸಿದೆ.

"ನೀ ಹೋಗಿದ್ದು ನನಗ ಗೊತ್ತೈತಪ್ಪಾ. ಬಾವಿಕಟ್ಟಿ ಮ್ಯಾಲೆ ನಿಂತು ನೋಡೀನಿ, ಆ ಕ್ಯಾಮೆರಾದವರ ಮುಂದ ಮುಂದ ಹೊಂಟಿದ್ದಿ."

ಮತ್ತೆ ಗೀಟು ಎಳೆದವನು ಯಾರು ಅಂದೆ.

"ನೀನಾ" ಅಂದಳು.

ಎರಡೂ ಹೇಗಾಗುತ್ತದವ್ವಾ ಅಂತ ಕೇಳಿದೆ. ನೀ ಓದಿದವ, ನೀನಾ ಹೇಳು ಎಂದು ಗೋಡೆಯ ಕಡೆ ಮಗ್ಗುಲಾದಳು. ಕೆಲವು ವಾರಕ್ಕೆ ತೀರಿಕೊಂಡಳು.

ಓದಿದವರು ಅನೇಕರಿಗೆ ಇದನ್ನು ಹೇಳಿ ನೋಡಿದ್ದೇನೆ. ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು, ಒಂದೂ ನನಗೆ ಒಗ್ಗಲಿಲ್ಲ. ದೇವರ ಮಹಿಮೆ ಅಂದವರ ಮಾತೂ ಒಗ್ಗಲಿಲ್ಲ. ಅಂದು ಅವ್ವನಿಗೆ ಕೈ ಕೊಟ್ಟು ಎಬ್ಬಿಸಿದವನು ಯಾರು ಅಂತ ನನಗೆ ಗೊತ್ತಿಲ್ಲ. ನಾನಂತೂ ಅಲ್ಲಿರಲಿಲ್ಲ.